ದಪ್ಪ ಪಾದದ ಓರೆ ಅಕ್ಷರ

ಹೋಟೆಲಿನಲ್ಲಿ ಮೆನು ಕೈಗೆ ಕೊಟ್ಟರೆ ನಾನು ತಿಂಡಿಯ ಹೆಸರು ಓದುವುದಿಲ್ಲ, ಅಕ್ಷರ ನೋಡುತ್ತೇನೆ. ಇದು ಒಂದು ಕಾಯಿಲೆಯೆಂದು ನನಗೂ ಗೊತ್ತು. ಕಳೆದ ವರ್ಷ ಬ್ರಹ್ಮಾವರದ ಒಂದು ಹೋಟೆಲಿನಲ್ಲಿ ಹೀಗೇ ಇಂಗ್ಲಿಷ್ ಮೆನು ಹಿಡಿದು ಕೂತಿದ್ದೆ. ಸಪ್ಲೈಯರ್ ಎರಡು ಸಲ ಬಂದು ಹೋದ. ಮೂರನೆಯ ಸಲ ಬಂದಾಗ ನಾನು ನನ್ನದೇ ಯೋಚನೆಯಲ್ಲಿ, “ಈ ಮಸಾಲೆದೋಸೆ ಸರಿ ಇಲ್ಲೆ, ಅಡಿ ತುಂಬ ತೆಳು” ಎಂದುಬಿಟ್ಟೆ. ಅವನು ಗಾಬರಿಯಾಗಿ ಒಳಗೆ ಹೋಗಿ ಅಡುಗೆಯ ಭಟ್ಟರನ್ನೇ ಕರೆತಂದ. “ಎಂತ ತೆಳು ಆಯ್ತ್ ಅಕ್ಕಾ? ನೀವ್ ಇನ್ನೂ ತಿಂದೇ ಇಲ್ಲೆ ಅಲ್ದಾ?” ಎಂದು ಭಟ್ಟರು ಕೇಳಿದರು. ಎದುರಿಗೆ ಕೂತಿದ್ದ ನಮ್ಮವರು, ಇಂಥ ಸಂದರ್ಭಗಳನ್ನು ನಿಭಾಯಿಸಿ ನಿಭಾಯಿಸಿ ಅಭ್ಯಾಸವಾದವರು, “ಅವ್ಳ್ ಅಕ್ಷರದ್ ಸುದ್ದಿ ಹೇಳೂದ್. ನೀವ್ ದೋಸೆ ತನ್ನಿ” ಎಂದು ಭಟ್ಟರನ್ನು ಕಳಿಸಿದರು.

ನಾನು ಕುಂದಾಪುರದ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಇಪ್ಪತ್ತೆಂಟು ವರ್ಷಗಳಿಂದ ಡಿಟಿಪಿ ಅಂಗಡಿ ಇಟ್ಟುಕೊಂಡವಳು. ಮದುವೆ ಕರೆಯೋಲೆ, ಉತ್ತರಕ್ರಿಯೆಯ ಕಾರ್ಡು, ಸಂಘದ ವರದಿ, ಮೀನು ಸಾಗಿಸುವ ಗಾಡಿಯ ಗಾಜಿಗೆ ಅಂಟಿಸುವ ದೇವರ ಹೆಸರು, ಎಲ್ಲವೂ ನನ್ನ ಕಂಪ್ಯೂಟರಿನಿಂದಲೇ ಹೊರಟದ್ದು. ಊರಿನವರಿಗೆ ನಾನು ಶಾರದಕ್ಕ. ನಮ್ಮವರು ಕೋಟದ ಹೈಸ್ಕೂಲಿನಲ್ಲಿ ಲೆಕ್ಕದ ಮಾಷ್ಟ್ರು. ಅಕ್ಷರಕ್ಕೂ ಅವರಿಗೂ ಇರುವ ಸಂಬಂಧ ಸೊನ್ನೆಗೂ ಭಾಗಾಕಾರಕ್ಕೂ ಇರುವಷ್ಟೇ.

ಈ ಕಾಯಿಲೆ ಶುರುವಾದದ್ದು ಮದುವೆಗೆ ಮೊದಲು, ಬ್ರಹ್ಮಾವರದಲ್ಲಿ ಟೈಪಿಂಗ್ ಕಲಿಯುವಾಗ. ಟೈಪ್‌ರೈಟರಿನ ಇಂಗ್ಲಿಷ್ ಅಕ್ಷರಗಳನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಒಂದೊಂದು ಅಕ್ಷರದ ಕಾಲ ತುದಿಗೂ ಅಡ್ಡಕ್ಕೆ ಒಂದು ದಪ್ಪ ಪಟ್ಟಿ ಇರುತ್ತದೆ. ಪುಸ್ತಕದ ಅಕ್ಷರಗಳಿಗೂ ಇಂಥ ಪಟ್ಟಿ ಉಂಟು, ಅದಕ್ಕೆ ಸೆರಿಫ್ ಎನ್ನುತ್ತಾರೆ. ಆದರೆ ಅಲ್ಲಿ ಅದು ಉಗುರಿನ ತುದಿಯಷ್ಟು ತೆಳು. ಅದೇ ಪಟ್ಟಿಯನ್ನು ಅಕ್ಷರದ ಕಾಲಿನಷ್ಟೇ ದಪ್ಪ ಮಾಡಿಬಿಟ್ಟರೆ ಅದು ಸ್ಲ್ಯಾಬ್. ಇಂಗ್ಲೆಂಡಿನಲ್ಲಿ ಗೋಡೆಗೆ ಅಂಟಿಸುವ ದೊಡ್ಡ ಜಾಹೀರಾತುಗಳಿಗಾಗಿ ಹುಟ್ಟಿದ ಅಕ್ಷರವಂತೆ ಇದು. ಆಗ ಅಲ್ಲಿನವರಿಗೆ ಈಜಿಪ್ಟಿನ ಹುಚ್ಚು ಹಿಡಿದಿತ್ತು, ಹಾಗಾಗಿ ಇದಕ್ಕೂ ಈಜಿಪ್ಟಿನ ಹೆಸರನ್ನೇ ಇಟ್ಟರು. ಈಜಿಪ್ಟಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ನಮ್ಮಲ್ಲಿ ಹೋಟೆಲಿನಲ್ಲಿ ಮಾಡುವ ಗೋಬಿ ಮಂಚೂರಿಗೂ ಮಂಚೂರಿಯಾಕ್ಕೂ ಎಷ್ಟು ಸಂಬಂಧವೋ ಅಷ್ಟು.

ಇನ್ನು ಇಟಾಲಿಕ್ ಎಂಬ ಓರೆ ಅಕ್ಷರ. ಅದು ನೂರಾರು ವರ್ಷ ಹಿಂದೆ ಇಟಲಿಯಲ್ಲಿ, ಬೇಗ ಬೇಗ ಬರೆಯುವವರ ಕೈಬರಹವನ್ನು ನೋಡಿ ಅಚ್ಚಿಗೆ ಇಳಿಸಿದ್ದು. ಅಂದರೆ ಒಂದರ ಜನ್ಮ ಅವಸರದಲ್ಲಿ, ಇನ್ನೊಂದರ ಜನ್ಮ ಗೋಡೆಗೆ ಅಂಟಿಕೊಂಡು ನಿಲ್ಲುವುದಕ್ಕೆ. ಈ ಎರಡನ್ನೂ ಸೇರಿಸಿ ಯಾರೋ ಪುಣ್ಯಾತ್ಮರು ಓರೆಯಾದ ಸ್ಲ್ಯಾಬ್ ಅಕ್ಷರ ಮಾಡಿದ್ದಾರೆ. ಅದನ್ನು ಮೊದಲ ಸಲ ಕಂಪ್ಯೂಟರಿನ ಪರದೆಯ ಮೇಲೆ ಕಂಡಾಗ ನನಗೆ ನೆನಪಾದದ್ದು ಗಂಗೊಳ್ಳಿಯ ಬಂದರು. ಅಲ್ಲಿ ಗಂಬೂಟು ಹಾಕಿಕೊಂಡ ಜನ ಬೆಳಿಗ್ಗೆ ಬೋಟಿನ ಕಡೆ ಓಡುತ್ತಾರಲ್ಲ, ಮೈ ಮುಂದಕ್ಕೆ ಬಾಗಿರುತ್ತದೆ, ಕಾಲು ಮಾತ್ರ ಭಾರ. ಸಾಕ್ಷಾತ್ ಅದೇ ನಿಲುವು. ನಾನು ಅಂದೇ ಮರುಳಾದೆ.

ಮರುಳಾದವರು ಮಾಡುವುದನ್ನೆಲ್ಲ ಮಾಡಿದೆ. ಸಿಕ್ಕಿದ್ದಕ್ಕೆಲ್ಲ ಅದೇ ಅಕ್ಷರ ಹಾಕಿದೆ. ಬೈಂದೂರಿನ ಒಬ್ಬರು ಮಗಳ ಮದುವೆಯ ಕರೆಯೋಲೆ ನೋಡಿ, “ಶಾರದಕ್ಕ, ಹೆಸ್ರ್ ಎಲ್ಲಾ ಹೀಂಗೆ ಓಡೂದ್ ಕಂಡ್ರೆ ಮಕ್ಳ್ ಮನೆ ಬಿಟ್ಟ್ ಓಡಿಹೋಯಿ ಮದಿ ಆಪ ಹಾಂಗ್ ಕಾಣತ್ತ್” ಎಂದರು. ಬದಲಾಯಿಸಿಕೊಟ್ಟೆ. ಮತ್ತೊಬ್ಬರು ತಂದೆಯ ಉತ್ತರಕ್ರಿಯೆಯ ಕಾರ್ಡು ನೋಡಿ, “ಅಪ್ಪಯ್ಯ ತೊಂಬತ್ತೆರಡ್ ವರ್ಷ ಇದ್ದ್ ಹೋದವ್ರ್. ಇಷ್ಟ್ ಅರ್ಜೆಂಟಂಗ್ ಹೋಯಿಲ್ಲೆ” ಎಂದರು. ಅದನ್ನೂ ಬದಲಾಯಿಸಿದೆ.

ತೊಂದರೆಯೆಂದರೆ ಈ ಅಕ್ಷರ ಇಂಗ್ಲಿಷಿನದು. ಕನ್ನಡದ ಅಕ್ಷರಕ್ಕೆ ಕಾಲೇ ಇಲ್ಲ, ಪಾದ ದಪ್ಪ ಮಾಡುವುದೆಲ್ಲಿ? ನಮ್ಮದು ತಲೆಯ ವ್ಯವಹಾರ, ತಲೆಕಟ್ಟು. ಅವರು ಚಪ್ಪಲಿ ಹಾಕಿದರೆ ನಾವು ಮುಂಡಾಸು ಸುತ್ತಿದ್ದೇವೆ. ಹಾಗಾಗಿ ನಾನೇ ಒಂದು ಉಪಾಯ ಮಾಡಿದೆ. ಒಂದು ದಪ್ಪ ಕನ್ನಡ ಫಾಂಟನ್ನು ಕಂಪ್ಯೂಟರಿನಲ್ಲಿ ಬಲಕ್ಕೆ ಹನ್ನೆರಡು ಡಿಗ್ರಿ ಬಾಗಿಸಿ, ತಲೆಕಟ್ಟಿನ ಮೇಲೆ ಇನ್ನಷ್ಟು ದಪ್ಪದ ಪಟ್ಟಿ ಕೂರಿಸಿದೆ. ಇದು ಕಳ್ಳದಾರಿ. ನಿಜವಾದ ಇಟಾಲಿಕ್ಕನ್ನು ಯಂತ್ರ ಬಾಗಿಸುವುದಿಲ್ಲ. ಬಲ್ಲವರು ಕೂತು ಒಂದೊಂದು ಅಕ್ಷರವನ್ನೂ ಹೊಸದಾಗಿ ಬರೆಯುತ್ತಾರೆ. ಯಂತ್ರದಿಂದ ಬಾಗಿಸಿದರೆ ಕನ್ನಡದಲ್ಲಿ ಇನ್ನೂ ಒಂದು ಅವಾಂತರ ಆಗುತ್ತದೆ. ಮೇಲಿನ ಅಕ್ಷರ ಬಲಕ್ಕೆ ವಾಲಿದರೆ ಕೆಳಗಿನ ಒತ್ತು ಎಡಕ್ಕೆ ಜಾರುತ್ತದೆ. ತಾಯಿ ಒಂದು ಕಡೆ, ಮಗು ಒಂದು ಕಡೆ. ನಾನು ಒತ್ತುಗಳನ್ನು ಒಂದಿಷ್ಟು ಎಳೆದು ತಂದು ಕೂರಿಸಿ, ಯಾರೂ ಗಮನಿಸುವುದಿಲ್ಲ ಎಂದುಕೊಂಡೆ. ನಿಜಕ್ಕೂ ಯಾರೂ ಗಮನಿಸಲಿಲ್ಲ. ಅದೇ ನನ್ನ ಧೈರ್ಯಕ್ಕೆ ಕಾರಣವಾಯಿತು.

ಹೀಗಿರುವಾಗ ಗಂಗೊಳ್ಳಿಯ ಮಂಜಣ್ಣ ಅಂಗಡಿಗೆ ಬಂದ. ಮಂಜಣ್ಣನಿಗೆ ಐವತ್ತರ ಹತ್ತಿರ, ಹದಿನೈದನೇ ವಯಸ್ಸಿನಿಂದ ಕಡಲಿಗೆ ಹೋದವನು. ಅವನೂ ಅವನ ಅಕ್ಕ ಗಿರಿಜಕ್ಕನೂ ಸೇರಿ ಹಳೆ ಬೋಟು ಕೊಟ್ಟು ಹೊಸದನ್ನು ಮಾಡಿಸಿದ್ದರು. ಗಿರಿಜಕ್ಕ ಮೀನಿನ ಬುಟ್ಟಿ ಹೊತ್ತು ಮೂವತ್ತು ವರ್ಷ ಮನೆ ಮನೆ ತಿರುಗಿದವಳು. ಗಂಡ ತೀರಿದ ಮೇಲೆ ತಮ್ಮನ ಮನೆಯೇ ಅವಳ ಮನೆ. ಬೋಟಿಗೆ ‘ಸಮುದ್ರಲಕ್ಷ್ಮಿ’ ಎಂದು ಹೆಸರಿಟ್ಟವಳೂ ಅವಳೇ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವ ವಾರ, ಸೋಮವಾರ ಬೆಳಿಗ್ಗೆ ಬೋಟು ನೀರಿಗಿಳಿಸುವ ಮುಹೂರ್ತ. ಎರಡೂ ಬದಿಗೆ ದೊಡ್ಡದಾಗಿ ಹೆಸರು ಬೇಕು.

“ಆ ಓಡೂ ಅಕ್ಷರ ಹಾಕಿ ಶಾರದಕ್ಕ. ಬೋಟ್ ನಿಂತಿದ್ರೂ ಹೋತಾ ಇಪ್ಪ ಹಾಂಗ್ ಕಾಣ್ಕ್” ಎಂದ ಮಂಜಣ್ಣ.

ಇಷ್ಟು ವರ್ಷದಲ್ಲಿ ಆ ಅಕ್ಷರವನ್ನು ತಾನಾಗಿ ಕೇಳಿ ಬಂದ ಮೊದಲ ಗಿರಾಕಿ ಅವನು. ನಾನು ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಕೆಂಪು ಸ್ಟಿಕ್ಕರಿನಲ್ಲಿ ಮೊಳದುದ್ದದ ಐದು ಅಕ್ಷರ, ಎರಡು ಜೊತೆ ಕತ್ತರಿಸಿಕೊಂಡು ಶುಕ್ರವಾರ ಬೆಳಿಗ್ಗೆ ಗಂಗೊಳ್ಳಿಗೆ ಹೋದೆ.

ಬೋಟು ಹೊಳೆಯ ದಡದ ಮೇಲೆ ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಮೊದಲು ಬಲಬದಿಗೆ ಅಂಟಿಸಿದೆವು. ಅಂಟಿಸಿ ಹಿಂದೆ ಸರಿದು ನೋಡಿದರೆ, ನಾನೇ ಹೇಳಿಕೊಳ್ಳಬಾರದು, ಆದರೆ ಹೇಳುತ್ತೇನೆ, ಅದ್ಭುತವಾಗಿತ್ತು. ಬಲಬದಿಯಿಂದ ನೋಡುವವರಿಗೆ ಬೋಟಿನ ಮೂತಿ ಬಲಕ್ಕೆ. ಅಕ್ಷರಗಳೂ ಬಲಕ್ಕೆ ಬಾಗಿವೆ. ಮೂತಿಯ ಕಡೆ ಬೋಟು ಮೇಲಕ್ಕೆ ಏರುವುದರಿಂದ ಅಕ್ಷರಗಳೂ ಸಾಲಾಗಿ ಅಲೆಯ ಮೇಲೆ ಏರಿದಂತೆ ಕಾಣುತ್ತಿದ್ದವು. ಬಲೆ ಕಟ್ಟುತ್ತಿದ್ದವರು ಎದ್ದು ಬಂದು ನೋಡಿದರು. ಮಂಜಣ್ಣ ನನಗೆ ಎಳನೀರು ತರಿಸಿದ.

ಊಟ ಮುಗಿಸಿ ಎಡಬದಿಗೆ ಅಂಟಿಸಿದೆವು. ಅಂಟಿಸುವಾಗ ಹತ್ತಿರದಿಂದ ಏನೂ ಗೊತ್ತಾಗಲಿಲ್ಲ. ಇಳಿದು ಹಿಂದೆ ಬಂದು ನೋಡಿದಾಗ ತಪ್ಪು ಕಣ್ಣಿಗೆ ಹೊಡೆಯಿತು. ಎಡಬದಿಯಿಂದ ನೋಡಿದರೆ ಬೋಟಿನ ಮೂತಿ ಎಡಕ್ಕೆ. ಅಕ್ಷರ ಮಾತ್ರ ಬಲಕ್ಕೆ ಬಾಗಿದೆ, ಅಂದರೆ ಹಿಂದಕ್ಕೆ. ಅಲ್ಲದೆ ಮೂತಿಯಿಂದ ಹಿಂದಕ್ಕೆ ಓದುತ್ತ ಹೋದಂತೆ ಸಾಲು ಕೆಳಗಿಳಿಯುತ್ತದೆ. ಬೋಟು ಕಡಲಿಗೆ ಹೊರಟರೆ, ಸಮುದ್ರಲಕ್ಷ್ಮಿ ಗಂಟುಮೂಟೆ ಕಟ್ಟಿಕೊಂಡು ಬೋಟಿನಿಂದ ಇಳಿದು ಮನೆಗೆ ಹೊರಟಂತಿತ್ತು.

ಬಲೆಯವರು ಒಬ್ಬೊಬ್ಬರಾಗಿ ಬಲೆಗೆ ವಾಪಸಾದರು. ಗಿರಿಜಕ್ಕ ಮಾತ್ರ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು. ಅವಳಿಗೆ ಓದಲು ಬಾರದು. ಅದಕ್ಕೇ ಇರಬೇಕು, ಅವಳಿಗೆ ಅಕ್ಷರ ನಮಗಿಂತ ಸರಿಯಾಗಿ ಕಾಣುತ್ತದೆ.

“ಹ್ವಾಯ್ ಮಂಜ, ಆ ಬದಿದ್ ಮುಂದೆ ಹೋತ್, ಈ ಬದಿದ್ ಹಿಂದೆ ಹೋತ್. ಬೋಟ್ ಎಲ್ಲಿಗ್ ಹೋಪುದ್?” ಎಂದಳು.

ಮಂಜಣ್ಣ ನನ್ನ ಮುಖ ನೋಡಿದ. ಅವನಿಗೆ ನಗು ಬಂದಿರಲಿಲ್ಲ. ಕಡಲಿಗೆ ಹೋಗುವವರಿಗೆ ಇಂಥ ವಿಷಯ ತಮಾಷೆಯಲ್ಲ. ಹೊಸ ಬೋಟು, ಮೊದಲ ಸಲ ನೀರಿಗಿಳಿಯುವುದು, ಹೆಸರೇ ಹಿಂದೆ ತಿರುಗಿ ನಿಂತರೆ ಅದರಲ್ಲಿ ಹೋಗುವ ಎಂಟು ಜನರ ಮನಸ್ಸಿನಲ್ಲಿ ಅದು ಕೂತುಬಿಡುತ್ತದೆ. ನಾಳೆ ಬಲೆಗೆ ಮೀನು ಬೀಳದಿದ್ದರೂ, ಇಂಜಿನು ಕೆಟ್ಟರೂ ಆ ಎಡಬದಿಯೇ ನೆನಪಾಗುತ್ತದೆ. “ಸೋಮವಾರದ್ ಒಳಗ್ ಎಂತಾದ್ರೂ ಮಾಡಿ ಅಕ್ಕ” ಎಂದಷ್ಟೇ ಹೇಳಿದ. ಎಡಬದಿಯ ಸ್ಟಿಕ್ಕರನ್ನು ನಾನೇ ನನ್ನ ಉಗುರಿನಿಂದ ಕಿತ್ತೆ.

ಅಂಗಡಿಗೆ ಬಂದು, ಬಲಕ್ಕೆ ಬಾಗಿಸಿದ್ದನ್ನು ಎಡಕ್ಕೆ ಬಾಗಿಸಿದೆ. ಹನ್ನೆರಡು ಡಿಗ್ರಿ ಆ ಕಡೆ ಹೋಗುವುದು ಈ ಕಡೆಯೂ ಹೋಗಬೇಕಲ್ಲ ಎಂಬುದು ನಮ್ಮವರ ಲೆಕ್ಕ. ಲೆಕ್ಕದಲ್ಲಿ ಸರಿ ಇತ್ತು. ಪರದೆಯ ಮೇಲೆ ಮಾತ್ರ ಐದೂ ಅಕ್ಷರಗಳು ಶೇಂದಿ ಅಂಗಡಿಯಿಂದ ಹೊರಬಂದವರ ಹಾಗೆ ಒಂದರ ಮೇಲೊಂದು ಒರಗಿಕೊಂಡಿದ್ದವು. ‘ದ್ರ’ದ ಒತ್ತು ಮುಂದಿನ ‘ಲ’ದ ಕಾಲಬುಡಕ್ಕೆ ಹೋಗಿ ಕೂತಿತ್ತು. ‘ಕ್ಷ್ಮಿ’ಯ ಸ್ಥಿತಿಯನ್ನು ಹೇಳದಿರುವುದೇ ಒಳ್ಳೆಯದು. ಹತ್ತು ಡಿಗ್ರಿ, ಎಂಟು ಡಿಗ್ರಿ, ಆರು ಡಿಗ್ರಿ ಮಾಡಿ ನೋಡಿದೆ. ಚಿತ್ರ ತೆಗೆದು ಮಂಜಣ್ಣನಿಗೆ ವಾಟ್ಸಾಪ್ ಕಳಿಸಿದೆ. ಅವನು ಕೈಮುಗಿದ ಚಿತ್ರ ವಾಪಸು ಕಳಿಸಿದ. ಅದು ಒಪ್ಪಿಗೆಯೋ ಪ್ರಾರ್ಥನೆಯೋ ತಿಳಿಯಲಿಲ್ಲ.

ಇದಕ್ಕೆ ಪರಿಹಾರ ಗೊತ್ತಿದ್ದವರು ಒಬ್ಬರೇ, ಶೀನಣ್ಣ. ಮತ್ತು ನಾನು ಮುಖ ತೋರಿಸಲಾಗದವರು ಎಂದು ಈ ಊರಿನಲ್ಲಿ ಯಾರಾದರೂ ಇದ್ದರೆ ಅವರೂ ಒಬ್ಬರೇ, ಶೀನಣ್ಣ.

ಶೀನಣ್ಣ ಗಂಗೊಳ್ಳಿಯ ಬೋಟುಗಳಿಗೆ ನಲವತ್ತು ವರ್ಷ ಹೆಸರು ಬರೆದ ಪೇಂಟರ್. ನನ್ನ ಅಂಗಡಿಯ ಮೊದಲ ಬೋರ್ಡನ್ನೂ ಅವರೇ ಬರೆದದ್ದು. ಆಮೇಲೆ ನಾನು ಸ್ಟಿಕ್ಕರ್ ಕತ್ತರಿಸುವ ಮೆಷಿನು ತಂದೆ. ಒಂದು ದಿನದ ಕೆಲಸ ಒಂದು ಗಂಟೆಗೆ ಇಳಿಯಿತು. ಆರು ವರ್ಷದ ಹಿಂದೆ ಮಂಜಣ್ಣನ ಹಳೆ ಬೋಟಿಗೆ ಶೀನಣ್ಣ ಹೆಸರು ಬರೆದು ತಿಂಗಳೂ ಆಗಿರಲಿಲ್ಲ. ಮಂಜಣ್ಣನಿಗೆ ಹೊಳೆಯುವ ಅಕ್ಷರ ಬೇಕೆನಿಸಿತು. ನಾನು ಹೋಗಿ ಆ ಪೇಂಟಿನ ಮೇಲೆಯೇ ಸ್ಟಿಕ್ಕರ್ ಅಂಟಿಸಿ ಬಂದೆ. ಆ ವರ್ಷವೇ ಶೀನಣ್ಣ ಬ್ರಶ್ಶು ತೊಳೆದಿಟ್ಟು ವಂಡ್ಸೆಯಲ್ಲಿ ಮಗಳ ಮನೆಗೆ ಹೋದರೆಂದೂ ಮತ್ತೆ ಬಂದರಿನ ಕಡೆ ಬಂದಿಲ್ಲವೆಂದೂ ಕೇಳಿದ್ದೆ. ಕೇಳಿ ಸುಮ್ಮನಿದ್ದೆ.

ಶನಿವಾರ ಬೆಳಿಗ್ಗೆ ಕೊಲ್ಲೂರಿನ ಬಸ್ಸು ಹತ್ತಿ ವಂಡ್ಸೆಯಲ್ಲಿ ಇಳಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ವಾಕ್ಯ ಜೋಡಿಸಿಕೊಂಡೆ. ಅಚ್ಚಿಗೆ ಹೋಗುವ ಮೊದಲು ತಿದ್ದಿದಂತೆ ನಾಲ್ಕು ಸಲ ತಿದ್ದಿದೆ. ಶೀನಣ್ಣ ಮನೆಯ ಹಿಂದೆ ಬಸಳೆ ಚಪ್ಪರದ ಕೆಳಗೆ ಬಳ್ಳಿ ಕಟ್ಟುತ್ತಿದ್ದರು. ಎಪ್ಪತ್ತು ದಾಟಿದ ಒಣಕಲು ಮೈ, ಹೆಗಲಿಗೊಂದು ಟವೆಲು. ನನ್ನನ್ನು ಕಂಡು ಕೆಲಸ ನಿಲ್ಲಿಸಲಿಲ್ಲ.

“ಬನ್ನಿ. ಕೂಕಣಿ. ಅಪ್ರೂಪ ಆಯ್ತ್” ಎಂದರು. ಮೊದಲು ನನ್ನನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದವರು. ಆ ‘ಬನ್ನಿ’ ನನ್ನ ಸಿದ್ಧವಾಕ್ಯವನ್ನೆಲ್ಲ ಅಳಿಸಿಹಾಕಿತು.

“ಶೀನಣ್ಣ, ನಿಮ್ಮ ಅಕ್ಷರದ್ ಮೇಲೆ ನಾನ್ ಅಂಟ್ಸಿದ್ದ್ ತಪ್ಪಾಯ್ತ್” ಎಂದೆ.

ಅವರು ಒಂದು ಬಳ್ಳಿ ಕಟ್ಟಿ ಮುಗಿಸಿದರು. “ಕೆರ್ಸಿ ತೆಗ್ದ್ ಅಂಟ್ಸಿರೆ ನಂಗ್ ಎಂತ ಬೇಜಾರಿಲ್ಲೆ. ಹೊಸ್ತ್ ಬಂದಲ್ಲಿ ಹಳತ್ ಹೋತ್. ನೀವ್ ಅದ್ರ ಮೇಲೇ ಅಂಟ್ಸಿರಿ. ನನ್ನ ಅಕ್ಷರ ಅಡಿಯಂಗ್ ಉಸ್ರ್ ಕಟ್ಟಿ ಇದ್ದಿತ್. ಅದ್ ಕಾಂಬುಕ್ ಆಯಿಲ್ಲೆ ನಂಗೆ” ಎಂದರು.

ಕೆರೆದು ತೆಗೆಯಲು ಆ ದಿನ ಅರ್ಧ ಗಂಟೆ ಸಾಕಾಗಿತ್ತು. ಮಧ್ಯಾಹ್ನದ ಬಸ್ಸು ಸಿಗಬೇಕೆಂದು ನಾನು ಆ ಅರ್ಧ ಗಂಟೆ ಉಳಿಸಿದ್ದೆ. ಅದನ್ನೂ ಹೇಳಿದೆ. ಅವರು ಇನ್ನೊಂದು ಬಳ್ಳಿ ಎತ್ತಿ ಕಟ್ಟತೊಡಗಿದರು. ಆಮೇಲೆ ಏನು ಮಾಡುವುದೆಂದು ತೋಚದೆ ಮೊಬೈಲ್ ತೆಗೆದು ಎಡಬದಿಯ ಫೋಟೋ ತೋರಿಸಿದೆ.

ಶೀನಣ್ಣ ಒಂದು ಕಣ್ಣು ಮುಚ್ಚಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ. ಅವರು ನಗುತ್ತಿದ್ದರು. ನಕ್ಕು ನಕ್ಕು ಕೆಮ್ಮು ಬಂದು, ಮಗಳು ಒಳಗಿನಿಂದ ನೀರು ತಂದಳು.

“ಇದ್ ಮೀನ್ ಹಿಡುಕ್ ಹೋಪುದಾ, ಮದಿ ಊಟ ಮಾಡಿ ಮನಿಗ್ ಬಪ್ಪುದಾ?” ಎಂದರು. ಮತ್ತೆ ಫೋಟೋ ನೋಡಿದರು. ನಗು ನಿಂತಿತು. “ಕಂಡ್ ಆಯ್ತಲೆ, ಇನ್ ಇದನ್ ಹೀಂಗೇ ಬಿಡುಕ್ ಆತಿಲ್ಲೆ. ನಾಳೆ ಬತ್ತೆ. ಆದ್ರೆ ಒಂದ್ ಸಂಗ್ತಿ. ನಂಗ್ ದೂರದ್ ಕಾಣೂದಿಲ್ಲೆ. ಹತ್ರದ್ ನಾ ಕಂಡ್ಕಂತೆ, ದೂರದ್ ನೀವ್ ಕಾಣ್ಕ್.”

ಭಾನುವಾರ ಬೆಳಿಗ್ಗೆ ಶೀನಣ್ಣ ಬಂದರು. ಕೈಯಲ್ಲಿ ಮೂರು ಬ್ರಶ್ಶು, ಸುಣ್ಣದ ಪುಡಿ ಹಚ್ಚಿದ ದಾರ, ಬರೆಯುವಾಗ ಕೈ ಊರಲು ಒಂದು ಕೋಲು. ಆರು ವರ್ಷದ ಮೇಲೆ ಬಂದರಿಗೆ ಬಂದವರನ್ನು ಬಲೆಯವರು ನಿನ್ನೆಯಷ್ಟೇ ಕಂಡವರ ಹಾಗೆ, “ಹ್ವಾಯ್ ಶೀನಣ್ಣ, ಚಾ ಆಯ್ತಾ?” ಎಂದು ಮಾತಾಡಿಸಿದರು. ಅವರೂ ಆಯ್ತು ಎಂದರು. ಅಷ್ಟರಲ್ಲೇ ಎಲ್ಲ ಸರಿಹೋಯಿತೆಂದಲ್ಲ, ಆದರೆ ಅಷ್ಟು ಸುಲಭವಾಗಿ ಸರಿಯಾಗುವುದನ್ನು ನಾನು ನೋಡಿರಲಿಲ್ಲ.

ಮೊದಲು ದಾರ ಎಳೆದು ಬಡಿದು ಬೋಟಿನ ಮೈಮೇಲೆ ಬಿಳಿಗೆರೆ ಮೂಡಿಸಿದರು. ಆಮೇಲೆ ಸೀಮೆಸುಣ್ಣದಲ್ಲಿ ಅಕ್ಷರ. ನಾನು ನೂರು ಹೆಜ್ಜೆ ದೂರ, ಹೊಳೆಯ ಅಂಚಿನಲ್ಲಿ ನಿಂತು ಕೂಗಿ ಹೇಳಬೇಕು. ಎಲ್ಲ ಅಕ್ಷರವೂ ಒಂದೇ ಸಮ ಬಾಗಿರಬೇಕೆಂದು ನಾನು ತಿಳಿದಿದ್ದೆ. ಅವರು ಮೂತಿಯ ಹತ್ತಿರದ ‘ಸ’ವನ್ನು ಜಾಸ್ತಿ ಬಾಗಿಸಿದರು, ‘ಮು’ವನ್ನು ಸ್ವಲ್ಪ ಕಮ್ಮಿ, ಕೊನೆಯ ‘ಕ್ಷ್ಮಿ’ಯನ್ನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿದರು. ಕಾರಣ ಕೇಳಿದರೆ, “ಮೂತಿ ಹತ್ರ ಬೋಟೇ ಬಾಗಿತ್ತಲೆ. ಅಕ್ಷರ ಬೋಟಿನ್ ಮಾತ್ ಕೇಣ್ಕ್” ಎಂದರು. ಎಡಕ್ಕೆ ಬಾಗುವ ಅಕ್ಷರದ ಹೊಟ್ಟೆಯನ್ನೂ ಬೇರೆ ರೀತಿ ಬರೆದರು. ಒತ್ತುಗಳನ್ನು ಬಾಗಿಸಲೇ ಇಲ್ಲ, ನೇರ ಅಕ್ಷರದ ನಡುಬುಡಕ್ಕೆ ಕೂರಿಸಿದರು. ತಲೆಕಟ್ಟನ್ನು ಮಾತ್ರ ಎರಡು ಬೆರಳು ದಪ್ಪ ಎಳೆದರು. ನನಗೆ ಆಶ್ಚರ್ಯವಾಯಿತು. ನಾನು ಇಂಗ್ಲಿಷ್ ಅಕ್ಷರದಲ್ಲಿ ಕಂಡು ಮರುಳಾದ ದಪ್ಪ ಪಟ್ಟಿ ಅದೇ.

“ಇಷ್ಟ್ ದಪ್ಪ ಎಂತಕ್ ಶೀನಣ್ಣ?” ಎಂದು ಕೇಳಿದೆ.

“ಉಪ್ಪ್‌ನೀರ್ ಮೊದ್ಲ್ ತಿಂಬುದ್ ತೆಳು ಗೆರಿ. ದಪ್ಪ ಇದ್ರೆ ಒಂದ್ ವರ್ಷ ಬಪ್ಪುದ್ ಎರ್ಡ್ ವರ್ಷ ಬತ್ತ್” ಎಂದರು. ಇಂಗ್ಲೆಂಡ್, ಈಜಿಪ್ಟ್ ಎಲ್ಲ ಸುತ್ತಿ ನಾನು ಓದಿದ್ದನ್ನು ಅವರು ಗಂಗೊಳ್ಳಿಯ ನೀರಿನಲ್ಲೇ ಕಲಿತಿದ್ದರು. ಎರಡು ಊರಿನವರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಕಡೆ ಬಂದು ಮುಟ್ಟಿದ್ದು ನನಗೆ ತುಂಬ ಹಿತವಾಯಿತು. ಹೇಳಿದೆ. ಅವರು, “ಹಾಂಗಾ” ಎಂದು ಬಣ್ಣದ ಡಬ್ಬ ಕೇಳಿದರು.

ಮಧ್ಯಾಹ್ನದ ಹೊತ್ತಿಗೆ ನನಗೆ ಕೂಗಿ ಕೂಗಿ ಗಂಟಲು ಕಟ್ಟಿತ್ತು. “ಲ ಒಂಚೂರು ಮುಂದೆ ಬಿತ್ತ್” ಎಂದು ನಾನು ಕೂಗಿದಾಗ ಅವರು ಒಪ್ಪಲಿಲ್ಲ. ಹತ್ತಿರದಿಂದ ಸರಿ ಇದೆ ಎಂದರು. ದೂರದಿಂದ ಸರಿ ಇಲ್ಲ ಎಂದೆ. ಅವರು ಕೋಲು ಕೆಳಗಿಟ್ಟು ನನ್ನ ಹತ್ತಿರ ಬಂದು ನಿಂತು ಕಣ್ಣು ಕಿರಿದು ಮಾಡಿದರು. ಕೆಂಪು ಬಣ್ಣದ ಮಸುಕಲ್ಲದೆ ಅವರಿಗೆ ಏನೂ ಕಾಣಲಿಲ್ಲವೆಂದು ಮುಖದಿಂದಲೇ ತಿಳಿಯಿತು. ಆಮೇಲೆ, “ಹೆಣ್ಣೇ, ನೀ ಸರಿ ಕಂಡ್ ಹೇಳ್ತಿ ಅಲ್ದಾ?” ಎಂದರು. ಹೌದೆಂದೆ. ಹೋಗಿ ‘ಲ’ವನ್ನು ಒರೆಸಿ ಮತ್ತೆ ಬರೆದರು. ಬಹುವಚನ ಹೋಗಿ ನಾನು ಮತ್ತೆ ‘ಹೆಣ್ಣು’ ಆದದ್ದನ್ನು ಆಗ ಗಮನಿಸಲು ಪುರುಸೊತ್ತಿರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ನೆನಪಾಗಿ ಕಿಟಕಿಯ ಕಡೆ ತಿರುಗಿ ಕೂತೆ.

ಅದಕ್ಕೂ ಮೊದಲು ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಎಡಬದಿ ಮುಗಿದ ಮೇಲೆ ಶೀನಣ್ಣ ಬೋಟು ಸುತ್ತಿ ಬಲಬದಿಗೆ ಹೋದರು. ಅಲ್ಲಿ ನನ್ನ ಸ್ಟಿಕ್ಕರು. ನಾನು ಉಗುರು ಸಿದ್ಧ ಮಾಡಿಕೊಂಡೇ ನಿಂತೆ. ಅವರು ತೀರ ಹತ್ತಿರ ಹೋಗಿ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದರು. ‘ದ್ರ’ದ ಹತ್ತಿರ ಬೆರಳು ನಿಂತಿತು.

“ಈ ಒತ್ತ್ ಜಾರಿತ್ತ್. ನೀ ಎಳ್ದ್ ಕೂರ್ಸಿದ್ದಾ?”

“ಹೌದ್” ಎಂದೆ. ಇಷ್ಟು ವರ್ಷದಲ್ಲಿ ಗಮನಿಸಿದವರು ಅವರೊಬ್ಬರೇ.

“ಉಳದ್ದ್ ಅಡ್ಡಿಲ್ಲೆ. ಇರ್ಲಿ ಇದ್” ಎಂದರು.

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮ ಕಡೆ ಯಾರೂ ಯಾವುದನ್ನೂ ಚೆನ್ನಾಗಿದೆ ಎನ್ನುವುದಿಲ್ಲ. ಮದುವೆ ಊಟವಿರಲಿ, ಮೊಮ್ಮಗು ಇರಲಿ, ಅಡ್ಡಿಲ್ಲೆ ಎಂದರೆ ಅದೇ ಕೊನೆಯ ಮೆಟ್ಟಿಲು. ನಾನು ಏನಾದರೂ ಹೇಳುವ ಮೊದಲು ಮಂಜಣ್ಣ ಅಕ್ಕನನ್ನು ಕರೆದ. ಗಿರಿಜಕ್ಕ ಬಲಬದಿ ನೋಡಿದಳು. ಬೋಟು ಸುತ್ತಿ ಬಂದು ಎಡಬದಿ ನೋಡಿದಳು. ಮತ್ತೊಮ್ಮೆ ಸುತ್ತಿದಳು. ನಾವು ಮೂವರೂ ಅವಳ ಹಿಂದೆಯೇ ಸುತ್ತಿದೆವು.

“ಈಗ ಎರ್ಡೂ ಒಂದೇ ಬದಿಗ್ ಹೋತ್. ಸಾಕ್” ಎಂದಳು ಗಿರಿಜಕ್ಕ.

ಸೋಮವಾರ ಬೆಳಿಗ್ಗೆ ಸಮುದ್ರಲಕ್ಷ್ಮಿ ನೀರಿಗಿಳಿಯಿತು. ಒಂದು ಬದಿಗೆ ಸ್ಟಿಕ್ಕರು, ಒಂದು ಬದಿಗೆ ಪೇಂಟು. ದಡದಿಂದ ನೋಡಿದವರಿಗೆ ಒಮ್ಮೆಗೆ ಒಂದೇ ಬದಿ ಕಾಣುತ್ತದಾದ್ದರಿಂದ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಹೊಳೆ ಕಡಲು ಸೇರುವ ಅಳಿವೆಯ ಕಡೆ ತಿರುಗುವಾಗ ಎಡಬದಿ ನಮ್ಮ ಕಡೆ ಬಂತು. ಶೀನಣ್ಣ ನನ್ನನ್ನು ಕೇಳಿದರು, “ಎಂತ ಕಾಣತ್ತ್?” ನಾನು, “ಹೋತಾ ಇತ್ತ್ ಶೀನಣ್ಣ” ಎಂದೆ. ಬೋಟು ಕಣ್ಣಿಗೆ ಮರೆಯಾಗುವವರೆಗೂ ಅವರು ಅದೇ ಪ್ರಶ್ನೆ ಕೇಳುತ್ತಿದ್ದರು, ನಾನು ಅದೇ ಉತ್ತರ ಹೇಳುತ್ತಿದ್ದೆ.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಬುದ್ಧಿವಂತೆ ಅನಿಸಿಕೊಳ್ಳುತ್ತಿದ್ದೆ. ಆದರೆ ನನಗೆ ಆಸೆ ಹತ್ತಿತು. ಶೀನಣ್ಣನ ಕೈಯ ಅಕ್ಷರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಒಂದು ಪೂರ್ತಿ ಫಾಂಟು ಮಾಡಬೇಕು, ಕನ್ನಡಕ್ಕೂ ಒಂದು ನಿಜವಾದ ದಪ್ಪ ತಲೆಯ ಓರೆ ಅಕ್ಷರ ಬರಬೇಕು ಎಂದು. ಅವರಿಗೆ ಹೇಳಿದೆ. ಕಣ್ಣಿನ ಡಾಕ್ಟರಿಗೆ ತೋರಿಸಲು ಹೇಗೂ ಕುಂದಾಪುರಕ್ಕೆ ಬರುವುದಿದೆ ಎಂದು ಒಪ್ಪಿದರು. ಈಗ ಗುರುವಾರ ಗುರುವಾರ ಅಂಗಡಿಗೆ ಬರುತ್ತಾರೆ. ನಾನು ದೊಡ್ಡ ಹಾಳೆ ಹರಡುತ್ತೇನೆ, ಅವರು ಚಹಾ ಕುಡಿದು ಬರೆಯುತ್ತಾರೆ. ಗಿರಾಕಿಗಳು ಕಾಯುತ್ತಾರೆ. ನಮ್ಮವರು ಒಮ್ಮೆ ಬಂದು ಕೋನಮಾಪಕದಲ್ಲಿ ಅಳೆದು ನೋಡಿ, ಒಂದರ ಹಾಗೆ ಒಂದಿಲ್ಲವೆಂದು ಬೇಸರದಿಂದ ಕೋಟಕ್ಕೆ ವಾಪಸಾದರು.

ಅವರ ಬೇಸರದಲ್ಲಿ ಅರ್ಥವಿತ್ತು. ಫಾಂಟಿಗೆ ‘ಅ’ ಎಂದರೆ ಒಂದೇ ‘ಅ’. ಸಾವಿರ ಸಲ ಒತ್ತಿದರೂ ಅದೇ ಬರಬೇಕು. ಶೀನಣ್ಣ ನಾಲ್ಕು ಗುರುವಾರದಲ್ಲಿ ಒಂಬತ್ತು ‘ಅ’ ಬರೆದಿದ್ದರು. ಒಂದು ತೆಳ್ಳಗೆ ಮುಂದೆ ಬಾಗಿದ್ದು, ಒಂದು ಗಿಡ್ಡ, ಒಂದಕ್ಕೆ ಹೊಟ್ಟೆ ದೊಡ್ಡದು, ಒಂದು ಎಡಕ್ಕೆ. ಒಂಬತ್ತೂ ಚಂದ. ಕಳೆದ ವಾರ ಒಂಬತ್ತನ್ನೂ ಅವರ ಎದುರು ಸಾಲಾಗಿ ಇಟ್ಟು, “ಇಷ್ಟರಂಗ್ ಸರಿಯಾದ್ ‘ಅ’ ಯಾವ್ದ್ ಶೀನಣ್ಣ? ಒಂದ್ ಹೇಳಿ, ಅದನ್ನೇ ಹಾಕ್ತೆ” ಎಂದೆ.

ಅವರು ಲೋಟ ಕೆಳಗಿಟ್ಟು, ನಾನು ಇಷ್ಟು ದಡ್ಡಿಯೆಂದು ಈಗಷ್ಟೇ ತಿಳಿದವರಂತೆ ನನ್ನ ಮುಖ ನೋಡಿದರು.

“ಯಾವ್ ಬೋಟಿಗೆ?” ಎಂದು ಕೇಳಿದರು.

ಕಂಪ್ಯೂಟರಿನಲ್ಲಿ ಉಳಿದ ಅಕ್ಷರಗಳ ಚೌಕಗಳು ಒಂದೊಂದಾಗಿ ತುಂಬುತ್ತಿವೆ. ‘ಅ’ದ ಚೌಕ ಮಾತ್ರ ಖಾಲಿ ಇದೆ. ಗುರುವಾರ ಮತ್ತೆ ಹಾಳೆ ಹರಡುತ್ತೇನೆ. ಅವರು ಹತ್ತನೆಯದನ್ನು ಬರೆಯಲಿ.